ಎರಡು ಗ್ಲಾಸು ಅಂದ್ರೆ ಒಂದು ನೈಂಟಿ

"ನಿಮ್ಮೂರು ಯಾವುದು?" ಅಂತ ಹಾಸ್ಟೆಲ್ಲಿನಲ್ಲಿ ಯಾರಾದರೂ ಕೇಳಿದರೆ ನಾವು ಮೂವರೂ "ರಾಯಚೂರು ಕಡೆ" ಅಂತೀವಿ. ಇನ್ನೂ ಕೇಳಿದರೆ "ಸಿಂಧನೂರು". ಅಷ್ಟಕ್ಕೂ ಬಿಡದೆ ಕೇಳಿದರೆ ಮಾತ್ರ "ದಢೇಸುಗೂರು". ತುಂಗಭದ್ರೆಯ ದಂಡೆ ಮೇಲಿನ ಊರು, ಸೇತುವೆ ದಾಟಿದರೆ ಸಿರುಗುಪ್ಪದ ಸೀಮೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇರೋದರಿಂದ ಕೃಷಿ ಓದಿದವರಿಗೆ ಹೆಸರು ಗೊತ್ತು. ಉಳಿದವರಿಗೆ ನಮ್ಮ ಸೋನಾ ಮಸೂರಿ ಗೊತ್ತು, ಊರು ಗೊತ್ತಿಲ್ಲ. ನಮ್ಮಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ವರ್ಷ ಶುರು, ನೆಲ್ಲು ಚೀಲಕ್ಕೆ ಬಿದ್ದರೆ ವರ್ಷ ಮುಗೀತು.

ಇಂಥ ಊರಿನ ಮೂರು ಹುಡುಗರು ವೈನ್ ಬಗ್ಗೆ ಬರೆಯೋದು ಯಾಕೆ ಅಂತ ನಿಮಗೆ ಅನ್ನಿಸಬಹುದು. ಕನ್ನಡ ಸಂಘದ ಸಂಪಾದಕರಿಗೂ ಹಾಗೇ ಅನ್ನಿಸಿತ್ತು. ಆದ್ದರಿಂದ ಮೊದಲೇ ಹೇಳಿಬಿಡ್ತೀವಿ. ನಮಗೆ ಮೂವರಿಗೂ ಇಪ್ಪತ್ತೊಂದು ತುಂಬಿದೆ. ಇದು ಕುಡೀರಿ ಅಂತ ಹೇಳೋ ಲೇಖನ ಅಲ್ಲ. ಕುಡೀಬ್ಯಾಡ್ರಿ ಅಂತ ಉಪದೇಶ ಮಾಡೋದೂ ಅಲ್ಲ. ಒಂದು ಬಾಟಲಿ ನಮ್ಮ ಮುಂದೆ ಬಂತು, ಅದರಿಂದ ಒಂದಿಷ್ಟು ಪ್ರಶ್ನೆ ಎದ್ದವು. ಆ ಪ್ರಶ್ನೆಗಳ ಲೆಕ್ಕ ಇದು.

ಬಾಟಲಿ ಬಂದದ್ದು ಬೆಂಗಳೂರಿನಲ್ಲಿ. ಇಂಟರ್ನ್‌ಶಿಪ್‌ಗೆ ಅಂತ ನಾವು ಅಲ್ಲಿ ಎರಡು ತಿಂಗಳು ಇದ್ದೆವು. ನಮ್ಮೊಳಗೊಬ್ಬನ ದೊಡ್ಡಪ್ಪನ ಮಗ ಅಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ನಮಗೆಲ್ಲ ಅವನು ಅಣ್ಣನೇ. ಪ್ರಮೋಷನ್ ಆದ ಖುಷಿಗೆ ಆಫೀಸಿನವರು ಅವನಿಗೆ ಆ ಬಾಟಲಿ ಕೊಟ್ಟಿದ್ದರು. ಅವನು ಕುಡಿಯೋದಿಲ್ಲ. "ನೀವ ನೋಡ್ರಿ, ನಮ್ಮ ಕಡೀದ ಐತಿ ಇದು" ಅಂದ. ಲೇಬಲ್ ನೋಡಿದರೆ ನಿಜ. ಹಂಪಿ ಹಿಲ್ಸ್ ಅಂತಿತ್ತು. ಅದರ ಮೇಲೆ ಶಾರ್ಡನೆ.

ಕೆ, ಆರ್, ಎಸ್, ಎಂ, ಎ ಎಂಬ ಐದು ಇಂಗ್ಲಿಷ್ ಅಕ್ಷರದ ಹೆಸರಿನ ಎಸ್ಟೇಟ್ ಅದು. ಕೃಷ್ಣಪ್ರಸಾದ್ ಚಿಗುರುಪಾಟಿ, ಉಮಾ ಚಿಗುರುಪಾಟಿ ದಂಪತಿ ತಮ್ಮ ಹೆಸರುಗಳನ್ನೇ ಕೂಡಿಸಿ ಇಟ್ಟದ್ದು. ಗ್ರ್ಯಾನ್ಯೂಲ್ಸ್ ಇಂಡಿಯಾ ಅಂತ ಹೈದರಾಬಾದಿನ ಔಷಧ ಕಂಪನಿ ಅವರದೇ. ಜ್ವರ ಬಂದಾಗ ನಾವು ನುಂಗುವ ಪ್ಯಾರಾಸಿಟಮಾಲ್ ಅವರ ದೊಡ್ಡ ವ್ಯಾಪಾರ. 2008ರ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಗುಡ್ಡದ ನೆಲದಲ್ಲಿ ವೈನ್ ದ್ರಾಕ್ಷಿ ನೆಟ್ಟರು. ಸಿಂಧನೂರಿಂದ ಬಸ್ ಹತ್ತಿ ಕಾರಟಗಿ ಬಂತು ಅಂದ್ರೆ ಕೊಪ್ಪಳ ಜಿಲ್ಲೆ ಶುರು. ಅಂದರೆ ನಾವು ಹುಟ್ಟಿ ಬೆಳೆದ ಜಾಗದ ಮಗ್ಗುಲಲ್ಲೇ ಇಂಥದ್ದೊಂದು ತೋಟ ಇದೆ, ಮೊದಲ ಸಲ ಅದರ ಹೆಸರು ಕೇಳಿದ್ದು ಬೆಂಗಳೂರಿನಲ್ಲಿ. ಎಸ್ಟೇಟ್ ಅಂದರೆ ನಮಗೆ ಚಿಕ್ಕಮಗಳೂರಿನ ಕಾಫಿ ತೋಟ ಅಷ್ಟೇ ಗೊತ್ತಿತ್ತು. ವೈನಿನವರು ಆ ಪದ ಬಳಸೋದು ಬೇರೆ ಅರ್ಥದಲ್ಲಿ: ಬಳ್ಳಿ ಬೆಳೆಸಿದವರೇ ವೈನ್ ಮಾಡಿ ಅಲ್ಲೇ ಬಾಟಲಿಗೆ ತುಂಬಬೇಕು. ಹೊರಗಿನಿಂದ ದ್ರಾಕ್ಷಿ ಕೊಂಡು ತಂದು ಮಾಡಿದರೆ ಅದು ಎಸ್ಟೇಟ್ ವೈನ್ ಅಲ್ಲ.

ಶಾರ್ಡನೆ ಅನ್ನೋದು ಕಂಪನಿಯ ಹೆಸರಲ್ಲ, ದ್ರಾಕ್ಷಿಯ ತಳಿ. ನಮ್ಮಲ್ಲಿ ಸೋನಾ ಮಸೂರಿ ಇದ್ದ ಹಾಗೆ. ಫ್ರಾನ್ಸಿನ ಬರ್ಗಂಡಿ ಸೀಮೆ ಅದರ ತವರು. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಮತ್ತು ಅವರ ಜೊತೆಗಾರರು ಡಿಎನ್‌ಎ ಪರೀಕ್ಷೆ ಮಾಡಿ ಇದರ ತಂದೆ ತಾಯಿಯನ್ನು ಹುಡುಕಿದರು. ಒಂದು ಕಡೆ ಪಿನೋ ನ್ವಾರ್, ಶ್ರೀಮಂತರ ದ್ರಾಕ್ಷಿ. ಇನ್ನೊಂದು ಕಡೆ ಗೂಯೆ ಬ್ಲಾಂ, ಬಡ ರೈತರು ಬೆಳೆಯುತ್ತಿದ್ದ, ಯಾರೂ ಬೆಲೆ ಕೊಡದ, ಫ್ರಾನ್ಸಿನಲ್ಲಿ ಎಷ್ಟೋ ಕಡೆ ಬೆಳೆಯಬಾರದು ಅಂತ ತಡೆ ಹಾಕಿಸಿಕೊಂಡಿದ್ದ ತಳಿ. ಜಗತ್ತಿನ ಐಷಾರಾಮಿ ಬಿಳಿ ವೈನಿನ ಮನೆತನ ಕೆದಕಿದರೆ ಅರ್ಧ ಬಡವರ ಮನೆ. ಇದನ್ನು ಓದಿದಾಗ ನಮಗೆ ಆ ದ್ರಾಕ್ಷಿಯ ಮೇಲೆ ಸ್ವಲ್ಪ ಪ್ರೀತಿ ಬಂತು, ಸುಳ್ಳು ಹೇಳೋದಿಲ್ಲ.

ಹುಟ್ಟಿದ್ದು ಚಳಿ ಸೀಮೆಯಲ್ಲಿ. ಅಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತೆ, ವರ್ಷಕ್ಕೊಂದು ಬೆಳೆ. ನಮ್ಮ ಬಿಸಿಲಿಗೆ ಬಳ್ಳಿಗೆ ನಿದ್ದೆಯೇ ಇಲ್ಲ. ಹಾಗೇ ಬಿಟ್ಟರೆ ಚಿಗುರುತ್ತಲೇ ಇರುತ್ತೆ, ಕಾಯಿ ಬಿಡೋದು ಮರೆಯುತ್ತೆ. ಅದಕ್ಕೇ ವಿಜಯಪುರದ ಕಡೆ ದ್ರಾಕ್ಷಿ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡ್ತಾರೆ. ಏಪ್ರಿಲ್ ಸುಮಾರಿಗೆ ಒಂದು, ಕಡ್ಡಿ ಗಟ್ಟಿಯಾಗಲಿ ಅಂತ. ಮಳೆಗಾಲ ಮುಗಿಯುವಾಗ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು, ಹಣ್ಣಿಗೆ ಅಂತ. ಫೆಬ್ರುವರಿ ಮಾರ್ಚಿಗೆ ಹಣ್ಣು. ವೈನ್ ದ್ರಾಕ್ಷಿಗೂ ಇದೇ ಪಂಚಾಂಗ. ಯುರೋಪಿನವರು ಸೆಪ್ಟೆಂಬರಿನಲ್ಲಿ ಹಣ್ಣು ಕೊಯ್ಯುವಾಗ ನಮ್ಮವರು ಕತ್ತರಿ ಹಿಡಿದಿರುತ್ತಾರೆ. ತಿಕೋಟಾ ಕಡೆಯ ಗೆಳೆಯನೊಬ್ಬ ನಮ್ಮ ಬ್ಯಾಚಿನಲ್ಲಿದ್ದಾನೆ, ಅವರ ಮನೆಯಲ್ಲಿ ಮಣೂಕ ಮಾಡ್ತಾರೆ. "ವೈನ್ ದ್ರಾಕ್ಷಿ ತಿನ್ನಾಕ ಬರಂಗಿಲ್ಲಪ, ಸಣ್ಣ ಕಾಯಿ, ತುಂಬ ಬೀಜ" ಅಂತ ಅವನು ಮೂಗು ಮುರಿದ. ತಾಮ್ಸನ್ ಸೀಡ್‌ಲೆಸ್ ಬೆಳೆಯೋರ ಜಂಬ ಅದು.

ನಮ್ಮ ದಢೇಸುಗೂರಿನ ನೆಲದಲ್ಲಿ ಇದು ಆಗುತ್ತಾ ಅಂತ ನಾವೂ ಯೋಚಿಸಿದೆವು. ಕಷ್ಟ. ನಮ್ಮದು ಎರಿ ಭೂಮಿ, ನೀರು ಹಿಡಿದರೆ ಬಿಡೋದಿಲ್ಲ. ಕಾಲುವೆ ಬಂದ ಮೇಲೆ ವರ್ಷಗಟ್ಟಲೆ ನೀರು ನಿಂತು ನಿಂತು ಎಷ್ಟೋ ಹೊಲ ಸವಳು ಜವಳು ಆಗಿವೆ. ದ್ರಾಕ್ಷಿ ಬಳ್ಳಿಯ ಕಾಲು ಒದ್ದೆ ಇರಬಾರದು. ಅದಕ್ಕೆ ನೀರು ಬಸಿದು ಹೋಗುವ ಮಸಾರಿ, ಗರಸು, ಕಲ್ಲು ನೆಲ ಬೇಕು. ನಾವು ಯಾವುದನ್ನು ಬರಡು ಅಂತೀವೋ ಅದೇ ಅದಕ್ಕೆ ಬಂಗಾರ. ನೀರಿನ ಲೆಕ್ಕವನ್ನೂ ಹಾಕಿ ನೋಡಿದೆವು. ನೀರಿನ ಹೆಜ್ಜೆಗುರುತು ಅಳೆಯುವವರು ಹೇಳುವ ಜಾಗತಿಕ ಸರಾಸರಿಯಲ್ಲಿ ಒಂದು ಕಿಲೋ ಅಕ್ಕಿಗೆ ಸುಮಾರು 2500 ಲೀಟರ್ ನೀರು, 125 ಮಿಲಿ ವೈನಿಗೆ ಸುಮಾರು 110 ಲೀಟರ್. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಕಣ್ಣೆದುರಿಗೇ ಹರಿದುಹೋದ ನೀರನ್ನು ನೋಡಿದ ನಮಗೆ ಈ ಅಂಕಿಗಳು ಬರೀ ಅಂಕಿ ಅಲ್ಲ. ಆದರೂ ಅಕ್ಕಿ ಹೊಟ್ಟೆಗೆ, ವೈನ್ ಹೊಟ್ಟೆಗಲ್ಲ. ಈ ಹೋಲಿಕೆ ಇಲ್ಲಿಗೇ ನಿಲ್ಲಿಸೋದು ವಾಸಿ.

ಕೆಮಿಸ್ಟ್ರಿ ಸೈಕಲ್ಲಿನಲ್ಲಿ ನಿದ್ದೆ ಮಾಡಿದವರಿಗೂ ಇದು ಅರ್ಥ ಆಗುತ್ತೆ. ದ್ರಾಕ್ಷಿ ಹಿಂಡಿದ ರಸದಲ್ಲಿ ಸಕ್ಕರೆ ಇರುತ್ತೆ. ಯೀಸ್ಟ್ ಅದನ್ನು ತಿಂದು ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲ್, ಅರ್ಧ ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ತೂಕದಲ್ಲಿ 180 ಗ್ರಾಂ ಗ್ಲುಕೋಸಿಗೆ 92 ಗ್ರಾಂ, 88 ಗ್ರಾಂ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ ಒಂದು ಆಲ್ಕೋಹಾಲ್. ಶೇಕಡಾ 13 ಬೇಕಾದರೆ ಲೀಟರ್ ರಸದಲ್ಲಿ 220 ಗ್ರಾಂ ಸಕ್ಕರೆ ಇರಬೇಕು. ನಮ್ಮ ಬಿಸಿಲಿಗೆ ಸಕ್ಕರೆ ಏರೋದು ಸುಲಭ, ಹುಳಿ ಉಳಿಸಿಕೊಳ್ಳೋದು ಕಷ್ಟ. ಸೆಖೆ ಹೆಚ್ಚಾದಂತೆ ಹಣ್ಣಿನಲ್ಲಿರೋ ಹುಳಿ ಕರಗುತ್ತೆ. ಅದಕ್ಕೇ ಬಿಸಿಲು ಸೀಮೆಯಲ್ಲಿ ಎಷ್ಟೋ ತೋಟಗಳಲ್ಲಿ ರಾತ್ರಿ ಅಥವಾ ನಸುಕಿನಲ್ಲಿ ಹಣ್ಣು ಕೊಯ್ದು ಮುಗಿಸ್ತಾರೆ. ಬಿಳಿ ವೈನ್ ಹುದುಗೋದು ಸಾಮಾನ್ಯವಾಗಿ 12ರಿಂದ 18 ಡಿಗ್ರಿಯಲ್ಲಿ. ಹೊರಗೆ ನಲವತ್ತು ಡಿಗ್ರಿ ಇರುವಾಗ ಸ್ಟೀಲ್ ಟ್ಯಾಂಕಿನ ಸುತ್ತ ತಣ್ಣನೆಯ ದ್ರವ ಓಡಿಸುತ್ತ ಒಳಗೆ ಹದಿನೈದು ಇಡಬೇಕು. ನಮ್ಮ ಮೆಕ್ಯಾನಿಕಲ್ ಗೆಳೆಯನಿಗೆ ವೈನಿಗಿಂತ ಈ ಟ್ಯಾಂಕಿನ ಮೇಲೆಯೇ ಆಸೆ ಹುಟ್ಟಿತು.

ಆಮೇಲೆ ಇನ್ನೊಂದು ಕೆಲಸ. ಹಸಿ ಸೇಬಿನ ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತೆ. ಲ್ಯಾಕ್ಟಿಕ್ ಅಂದರೆ ನಮ್ಮ ಮೊಸರಿನ ಹುಳಿ. ಈ ಹೊತ್ತಿನಲ್ಲೇ ಡಯಾಸಿಟೈಲ್ ಅನ್ನೋದೂ ಹುಟ್ಟುತ್ತೆ, ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡೋದು ಅದೇ. ಶಾರ್ಡನೆ ಮಾಡುವವರಲ್ಲಿ ಕೆಲವರು ಇದನ್ನು ಬೇಕಂತ ಬಿಡ್ತಾರೆ, ಕೆಲವರು ತಡೀತಾರೆ. ಕೆಲವರು ಓಕ್ ಮರದ ಪೀಪಾಯಿಯಲ್ಲಿಟ್ಟು ಮರದ ವಾಸನೆ ಹತ್ತಿಸ್ತಾರೆ. ಈ ತಳಿಗೆ ತನ್ನದೇ ಅಂತ ಜೋರು ವಾಸನೆ ಇಲ್ಲ, ಮಾಡಿದವರ ಕೈ ರುಚಿಯೇ ಹೆಚ್ಚು ಕಾಣುತ್ತೆ ಅಂತಾರೆ. ಅನ್ನ ಇದ್ದ ಹಾಗೆ.

ಈಗ ಕುಡಿದ ವಿಷಯ. ಅಣ್ಣನ ರೂಮಿನಲ್ಲಿ ವೈನ್ ಗ್ಲಾಸ್ ಇರಲಿಲ್ಲ, ಸ್ಟೀಲ್ ಲೋಟ ಮತ್ತು ಎರಡು ಗಾಜಿನ ಗ್ಲಾಸ್ ಇದ್ದವು. ಫ್ರಿಡ್ಜಿನಲ್ಲಿ ತಣ್ಣಗೆ ಮಾಡಿ ಎರಡೆರಡು ಬೆರಳಷ್ಟು ಹಾಕಿಕೊಂಡೆವು. ಗಾಜಿನಲ್ಲಿ ನೋಡಿದರೆ ಒಣಗಿದ ನೆಲ್ಲುಹುಲ್ಲಿನ ಬಣ್ಣ. ಸ್ಟೀಲಿನಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಅಷ್ಟಕ್ಕಷ್ಟೇ. ಒಬ್ಬ ಮೂಸಿ "ನಿಂಬಿ ಸಿಪ್ಪಿ" ಅಂದ. ಇನ್ನೊಬ್ಬ "ಅಲ್ಲೋ, ಪ್ಯಾರಲ ಹಣ್ಣು, ದೋರಗಾಯಿ" ಅಂದ. ಮೂರನೆಯವ ಸುಮ್ಮನಿದ್ದ, ಸ್ವಲ್ಪ ಹೊತ್ತಿಗೆ "ಅವ್ವ ಬೆಣ್ಣಿ ಕಾಸಾಕ ಇಡತಾಳಲ್ಲ, ತುಪ್ಪ ಆಗೋಕಿಂತ ಮೊದಲ, ಆ ವಾಸನಿ" ಅಂದ. ಬಾಯಿಗೆ ಹಾಕಿಕೊಂಡರೆ ಮೊದಲು ಹುಳಿ, ಆಮೇಲೆ ನಾಲಗೆ ಮೇಲೆ ಸ್ವಲ್ಪ ದಪ್ಪ, ಕೊನೆಗೆ ಗಂಟಲಲ್ಲಿ ಬೆಚ್ಚಗೆ. ಸಿಹಿ ಇರುತ್ತೆ ಅಂದುಕೊಂಡಿದ್ದೆವು, ಸಿಹಿ ಇಲ್ಲವೇ ಇಲ್ಲ. ಜೊತೆಗೆ ವಗ್ಗರಣಿ ಮಿರ್ಚಿ ತಂದಿದ್ದೆವು. ಸಿಂಧನೂರಿನವರಿಗೆ ಅದಿಲ್ಲದೆ ಸಂಜೆ ಆಗೋದಿಲ್ಲ. ಮಿರ್ಚಿ ಕಡಿದು ವೈನ್ ಕುಡಿದರೆ ಖಾರ ಎರಡು ಪಟ್ಟು. ಆಲ್ಕೋಹಾಲಿಗೆ ಖಾರ ಉರಿಸುವ ಗುಣ ಇದೆ. ಊರಿಂದ ಕಟ್ಟಿಕೊಟ್ಟಿದ್ದ ಸಜ್ಜಿ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಚಟ್ನಿ ತೆಗೆದ ಮೇಲೆ ಎಲ್ಲ ಸರಿ ಹೋಯ್ತು. ಮೊಸರಿನ ಹುಳಿ, ವೈನಿನ ಹುಳಿ ಎರಡೂ ಒಂದೇ ಮನೆಯವು ಅನ್ನೋದು ಅಲ್ಲಿ ಗೊತ್ತಾಯ್ತು.

ಇಷ್ಟರಲ್ಲಿ ಒಂದು ತಮಾಷೆ ನಡೀತು. ಅಣ್ಣ ಫೋನಿನಲ್ಲಿ ಶಾರ್ಡನೆ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹೇಳಿದ. ಪೀಚ್, ಪೇರ್, ಹನಿಡ್ಯೂ, ಬ್ರಿಯೋಶ್. ಕೇಳಿದ ಕೂಡಲೇ ನಾವು ಮೂವರೂ "ಹೌದೌದು, ಪೀಚ್ ಬರಾಕತ್ತೇತಿ" ಅಂದೆವು. ನಮ್ಮಲ್ಲಿ ಒಬ್ಬರೂ ಪೀಚ್ ತಿಂದವರಲ್ಲ. ಇದು ನಮ್ಮೊಬ್ಬರದೇ ಕಥೆ ಅಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗ ಪ್ರಸಿದ್ಧ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೇ ವಾಸನೆ ಇಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಅದನ್ನು ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಕೇಳುತ್ತೆ. ಹೆಸರಿನ ಮಾತೂ ಹಾಗೇ. 1976ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಅನ್ನುವವರು ಲೇಬಲ್ ಕಾಣದಂತೆ ವೈನ್ ಕೊಟ್ಟಾಗ ಫ್ರೆಂಚ್ ತೀರ್ಪುಗಾರರು ಬರ್ಗಂಡಿಯ ಬಿಳಿ ವೈನುಗಳನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಷಾಟೋ ಮಾಂಟೆಲೀನಾ ಶಾರ್ಡನೆಗೆ ಮೊದಲ ಸ್ಥಾನ ಕೊಟ್ಟಿದ್ದರು. ಲೇಬಲ್ ಮುಚ್ಚಿದಾಗ ನಾಲಗೆಗೆ ಧೈರ್ಯ ಬರುತ್ತೆ.

ನಾವು ಫೋನ್ ಮುಚ್ಚಿ ಮತ್ತೆ ಶುರು ಮಾಡಿದೆವು, ಈ ಸಲ ಕನ್ನಡದಲ್ಲಿ ಮಾತ್ರ. ಆಗ ಗೊತ್ತಾದದ್ದು ನಮ್ಮ ಹತ್ತಿರ ಪದ ಕಡಿಮೆ ಇಲ್ಲ ಅಂತ. ಹುಳಿ ಒಂದೇ ಅಲ್ಲ. ಹುಣಸೆ ಹುಳಿ ಬೇರೆ, ನಿಂಬೆ ಹುಳಿ ಬೇರೆ, ಮಜ್ಜಿಗೆ ಹುಳಿ ಬೇರೆ. ದೋರಗಾಯಿ ಅಂದರೆ ಹಸಿಯೂ ಅಲ್ಲ ಹಣ್ಣೂ ಅಲ್ಲ. ಒಗರು ಅನ್ನೋ ಪದವಂತೂ ನಮ್ಮ ಆಸ್ತಿ. ಕೆಂಪು ವೈನ್ ಕುಡಿದರೆ ಬಾಯಿ ಒಣಗಿಸುವ ಗುಣಕ್ಕೆ ಇಂಗ್ಲಿಷಿನವರು ಟ್ಯಾನಿನ್ ಅಂತ ವಸ್ತುವಿನ ಹೆಸರು ಹೇಳ್ತಾರೆ. ನಮ್ಮ ಅಜ್ಜಿ ಎಲೆ ಅಡಕೆ ಜಗಿಯುತ್ತಲೇ "ವಗರ ಐತಿ" ಅಂತಾಳೆ. ಷಡ್ರಸದಲ್ಲಿ ಅದಕ್ಕೆ ಜಾಗ ಇದೆ. ಬಿಳಿ ವೈನನ್ನು ಸಿಪ್ಪೆ ಬಿಟ್ಟು ಬರೀ ರಸದಿಂದ ಮಾಡೋದರಿಂದ ಒಗರು ಕಮ್ಮಿ. ಇಷ್ಟೆಲ್ಲ ಪದ ಇದ್ದರೂ ಸರ್ಕಾರಿ ಕನ್ನಡದಲ್ಲಿ ವೈನಿಗೆ ದ್ರಾಕ್ಷಾರಸ ಅಂತಾರೆ, ಕೇಳಿದರೆ ಮಕ್ಕಳಿಗೆ ಕೊಡೋ ಜ್ಯೂಸ್ ಅನ್ನಿಸುತ್ತೆ.

ಆ ಹೆಸರಿಗೊಂದು ಇತಿಹಾಸ ಇದೆ, ನಮ್ಮ ಮನೆಗೂ ಅದಕ್ಕೂ ಸಂಬಂಧ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯ್ತು. ಅದೇ 2007ರ ಹೆಸರಿನಲ್ಲೇ ಸರ್ಕಾರದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು, ಆಮೇಲೆ ದ್ರಾಕ್ಷಾರಸ ಮಂಡಳಿ. ಎರಡರ ಉದ್ದೇಶವೂ ಬೇರೆ ಬೇರೆ, ಗೊತ್ತು. ದ್ರಾಕ್ಷಿ ಬೆಳೆಗಾರನಿಗೆ ಹಣ್ಣು ಕೊಳ್ಳೋರು ಬೇಕು, ಅದೂ ನಿಜ. ಆದರೆ ಕೂಲಿಯವನ ಪ್ಯಾಕೆಟ್ ಕಿತ್ತುಕೊಂಡ ವರ್ಷವೇ ಉಳ್ಳವರ ಗ್ಲಾಸಿಗೆ ನೀತಿ ಬಂತು ಅನ್ನೋದು ನಮ್ಮ ಊರಿನಿಂದ ನೋಡಿದರೆ ಹಾಗೇ ಕಾಣುತ್ತೆ. ಸಾರಾಯಿ ಹೋಯ್ತು, ಕುಡಿತ ಹೋಗಲಿಲ್ಲ. ಆ ಜಾಗಕ್ಕೆ ನೈಂಟಿ ಬಂತು, 90 ಮಿಲಿಯ ಅಗ್ಗದ ವಿಸ್ಕಿ ಪ್ಯಾಕು.

ನಮ್ಮೊಳಗೊಬ್ಬನ ಮಾವ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ನೂರು ನೆಲ್ಲಿನ ಚೀಲ ಹೊತ್ತ ದಿನ ಬೆನ್ನು ನೋವಿಗೆ ಅಂತ ಶುರುವಾದದ್ದು. ಮಾವ ಈಗಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರಲ್ಲ, ಅದರಲ್ಲಿ ರಾಯಚೂರು ಜಿಲ್ಲೆಯವರು ತುಂಬ ಇದ್ದರು. ಅತ್ತಿಯೂ ಒಬ್ಬಳು. ಹರಿದ ಚಪ್ಪಲಿಗೆ ಬಟ್ಟೆ ಕಟ್ಟಿಕೊಂಡು ನಡೆದ ಕಥೆಯನ್ನು ಅವಳು ಈಗಲೂ ನಗುತ್ತಲೇ ಹೇಳ್ತಾಳೆ.

ಹೀಗಾಗಿ ಬಾಟಲಿ ಅರ್ಧ ಆದಾಗ ನಾವು ಒಂದು ಲೆಕ್ಕ ಹಾಕಿದೆವು. ಶೇಕಡಾ 13ರ ವೈನ್, 150 ಮಿಲಿಯ ಒಂದು ಗ್ಲಾಸಿನಲ್ಲಿ 19.5 ಮಿಲಿ ಶುದ್ಧ ಆಲ್ಕೋಹಾಲ್. ಶೇಕಡಾ 42.8ರ ನೈಂಟಿಯಲ್ಲಿ 38.5 ಮಿಲಿ. ಅಂದರೆ ಎರಡು ಗ್ಲಾಸ್ ಶಾರ್ಡನೆ ಕುಡಿದವರು, ಮಾವನ ಒಂದು ನೈಂಟಿ, ಲಿವರಿಗೆ ಎರಡೂ ಒಂದೇ. ಲಿವರ್ ಇಂಗ್ಲಿಷ್ ಓದೋದಿಲ್ಲ. ಅದಕ್ಕೆ ಪೀಚ್ ಗೊತ್ತಿಲ್ಲ, ಹಂಪಿ ಹಿಲ್ಸ್ ಗೊತ್ತಿಲ್ಲ. ಆದರೆ ಒಬ್ಬರಿಗೆ ನಾವು ರಸಿಕರು ಅಂತೀವಿ, ಇನ್ನೊಬ್ಬರಿಗೆ ಕುಡುಕ ಅಂತೀವಿ. ವ್ಯತ್ಯಾಸ ಎಲ್ಲಿದೆ ಅಂತ ತುಂಬ ಹೊತ್ತು ಜಗಳಾಡಿದೆವು. ಒಬ್ಬನ ವಾದ: ವೈನ್ ಕುಡಿಯೋರು ಊಟದ ಜೊತೆ, ನಿಧಾನಕ್ಕೆ, ರುಚಿಗೆ ಕುಡೀತಾರೆ. ಮಾವನದು ಖಾಲಿ ಹೊಟ್ಟೆ, ಒಂದೇ ಗುಟುಕು, ಮರೆಯೋಕೆ. ಇನ್ನೊಬ್ಬನ ವಾದ: ನಿಧಾನ ಅನ್ನೋದೂ ದುಡ್ಡಿದ್ದವರ ಸೌಲಭ್ಯ. ಬೆನ್ನು ನೋಯದವನಿಗೆ, ನಾಳೆಯ ಕೂಲಿ ಚಿಂತೆ ಇಲ್ಲದವನಿಗೆ ಮಾತ್ರ ನಿಧಾನಕ್ಕೆ ಮೂಸಿ ನೋಡೋ ಪುರುಸೊತ್ತು. ನಮಗೆ ಎರಡೂ ನಿಜ ಅನ್ನಿಸಿತು. ಆ ರಾತ್ರಿ ಬಾಟಲಿ ಪೂರ್ತಿ ಆಗಲಿಲ್ಲ. ರುಚಿ ಚೆನ್ನಾಗಿರಲಿಲ್ಲ ಅಂತಲ್ಲ, ಚೆನ್ನಾಗೇ ಇತ್ತು. ಅದನ್ನು ಮುಚ್ಚಿಡೋದು ಅನ್ಯಾಯ ಆಗುತ್ತೆ. ನಮ್ಮ ಪಕ್ಕದ ಕಲ್ಲು ನೆಲದಲ್ಲಿ, ನಮ್ಮದೇ ಬಿಸಿಲಿನಲ್ಲಿ ಅಂಥದ್ದೊಂದು ನಾಜೂಕು ವಸ್ತು ಮಾಡೋಕೆ ಸಾಧ್ಯ ಅಂತ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆದರೆ ಲೆಕ್ಕ ಹಾಕಿದ ಮೇಲೆ ಮೂರನೇ ಸಲ ಗ್ಲಾಸ್ ಎತ್ತೋಕೆ ಯಾರಿಗೂ ಮನಸ್ಸಾಗಲಿಲ್ಲ.

ಊರಿಗೆ ಹೋದಾಗ ಅತ್ತಿಗೆ ಹೇಳೋದೋ ಬಿಡೋದೋ ಅಂತ ಚರ್ಚೆ ಆಯ್ತು. ಹೇಳಿದೆವು. ಅವಳು ಬೈತಾಳೆ ಅಂತ ತಲೆ ತಗ್ಗಿಸಿ ಕೂತಿದ್ದೆವು. ಅವಳು ನೆಲ್ಲು ಕೇರುತ್ತ ಇದ್ದಳು, ಕೈ ನಿಲ್ಲಿಸಲಿಲ್ಲ.

"ಹೆಂಗಿತ್ತು?"

"ಹುಳಿ ಇತ್ತು ಅತ್ತಿ. ಬೆಣ್ಣಿ ವಾಸನಿ."

"ಎಷ್ಟು ಅದಕ್ಕ?"

ನಮ್ಮ ಒಂದು ತಿಂಗಳ ಮೆಸ್ ಬಿಲ್ಲಿನ ಅರ್ಧದ ಹತ್ತಿರ ಅಂತ ಹೇಳಿದೆವು. ಅವಳಿಗೆ ಮೆಸ್ ಬಿಲ್ ಗೊತ್ತು, ಅದನ್ನು ಕಟ್ಟೋರಲ್ಲಿ ಅವಳೂ ಒಬ್ಬಳು. ಮೊರ ಕೆಳಗಿಟ್ಟಳು.

"ಅಲ್ಲಪಾ, ಅಲ್ಲಿ ಕಾಯಿ ಹರಿಯಾಕ ಹೆಣ್ಣಮಕ್ಕಳ ಹೋಗತಿರಬೇಕು. ಅವರಿಗೆ ಕೂಲಿ ಎಷ್ಟು ಕೊಡತಾರಂತ?"

ಲೇಬಲ್ಲಿನಲ್ಲಿ ಆಲ್ಕೋಹಾಲ್ ಎಷ್ಟು ಅಂತಿತ್ತು, ವರ್ಷ ಯಾವುದು ಅಂತಿತ್ತು, ಗುಡ್ಡದ ಹೆಸರಿತ್ತು. ಅತ್ತಿ ಕೇಳಿದ್ದು ಅದರಲ್ಲಿ ಇರಲಿಲ್ಲ. ಯಾವ ಬಾಟಲಿಯ ಲೇಬಲ್ಲಿನಲ್ಲೂ ಅದನ್ನು ಬರೆಯೋದಿಲ್ಲ, ನಮ್ಮ ಸೋನಾ ಮಸೂರಿಯ ಚೀಲದ ಮೇಲೂ ಬರೆಯೋದಿಲ್ಲ. ಪರೀಕ್ಷೆ ಮುಗಿದ ಮೇಲೆ ಕೊಪ್ಪಳದ ಬಸ್ ಹತ್ತಿ ಕೇಳಿಕೊಂಡು ಬರಬೇಕು ಅಂತ ಮಾತಾಡಿಕೊಂಡಿದ್ದೇವೆ. ಕೊಯ್ಲು ಫೆಬ್ರುವರಿಗೆ, ನಮ್ಮ ಇಂಟರ್ನಲ್ಸೂ ಆಗಲೇ. ನೋಡಬೇಕು.